ಪವಿತ್ರ ವಸ್ತ್ರಕ್ಕೆ ಕತ್ತರಿ ಇಟ್ಟಾಗ

ಇಟಲಿಯ ಟ್ಯೂರಿನ್ ನಗರದ ಮುಖ್ಯ ಚರ್ಚಿನಲ್ಲಿ ಹಳೆಯದೊಂದು ನಾರುಬಟ್ಟೆಯಿದೆ. ಉದ್ದ ಸುಮಾರು 4.4 ಮೀಟರ್, ಅಗಲ 1.1 ಮೀಟರ್. ಗಡ್ಡಧಾರಿ ಪುರುಷನೊಬ್ಬನ ಮುಂಭಾಗ, ಹಿಂಭಾಗಗಳ ಮಸುಕಾದ ಆಕೃತಿ ಅದರ ಮೇಲಿದೆ. ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹಕ್ಕೆ ಸುತ್ತಿದ ಬಟ್ಟೆಯೇ ಇದು ಎಂದು ಲಕ್ಷಾಂತರ ಕ್ರೈಸ್ತರು ನಂಬಿದ್ದಾರೆ. 1898ರಲ್ಲಿ ಸೆಕೊಂಡೊ ಪಿಯಾ ಇದರ ಛಾಯಾಚಿತ್ರ ತೆಗೆದಾಗ ನೆಗೆಟಿವ್‌ನಲ್ಲಿ ಆ ಮುಖ ಇನ್ನಷ್ಟು ಸ್ಪಷ್ಟವಾಗಿ ಮೂಡಿತು. ನಂಬಿಕೆ ಮತ್ತಷ್ಟು ಗಟ್ಟಿಯಾಯಿತು.

1983ರಲ್ಲಿ ಇಟಲಿಯ ಕೊನೆಯ ಅರಸ ಎರಡನೆಯ ಉಂಬರ್ಟೊ ತೀರಿಕೊಂಡಾಗ, ಅವನ ಉಯಿಲಿನಂತೆ ಈ ಬಟ್ಟೆ ಪೋಪರ ಸ್ವತ್ತಾಯಿತು. ಪರೀಕ್ಷೆಗೆ ಕೊಡಲಾರೆವು ಎಂದಿದ್ದರೆ ಒತ್ತಾಯಿಸುವವರು ಯಾರೂ ಇರಲಿಲ್ಲ. ಆದರೂ ಚರ್ಚು ಒಪ್ಪಿತು. 1988ರ ಏಪ್ರಿಲ್ 21ರಂದು ಒಂದು ಮೂಲೆಯಿಂದ ಚಿಕ್ಕ ಪಟ್ಟಿ ಕತ್ತರಿಸಿ ಆಕ್ಸ್‌ಫರ್ಡ್, ಜ್ಯೂರಿಕ್ ಹಾಗೂ ಅಮೆರಿಕದ ಅರಿಜೋನಾ ಪ್ರಯೋಗಾಲಯಗಳಿಗೆ ಹಂಚಲಾಯಿತು. ತಾಳೆ ನೋಡಲು ಕಾಲ ಗೊತ್ತಿದ್ದ ಬೇರೆ ಹಳೆಯ ಬಟ್ಟೆಗಳ ತುಣುಕುಗಳನ್ನೂ ಕೊಟ್ಟರು.

ಪರೀಕ್ಷೆಯ ತತ್ವ ಸರಳ. ಬದುಕಿರುವ ಗಿಡ ಗಾಳಿಯಿಂದ ಸಾಮಾನ್ಯ ಇಂಗಾಲದ ಜೊತೆಗೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲ-14ನ್ನೂ ಹೀರಿಕೊಳ್ಳುತ್ತದೆ. ಅಗಸೆ ಗಿಡವನ್ನು ಕೊಯ್ದು ನಾರು ತೆಗೆದ ಮೇಲೆ ಹೊಸ ಇಂಗಾಲ ಸೇರುವುದಿಲ್ಲ. ಇದ್ದ ಇಂಗಾಲ-14 ಸುಮಾರು 5,730 ವರ್ಷಗಳಿಗೆ ಅರ್ಧದಷ್ಟಾಗುತ್ತ ಕರಗುತ್ತದೆ. ಎಷ್ಟು ಉಳಿದಿದೆಯೆಂದು ಅಳೆದರೆ ಕಾಲ ತಿಳಿಯುತ್ತದೆ.

ಉತ್ತರ: ಕ್ರಿ.ಶ. 1260ರಿಂದ 1390ರ ನಡುವಿನದು. ಯೇಸುವಿನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಈಚಿನದು! ಅಕ್ಟೋಬರ್ 13ರಂದು ಇದನ್ನು ಜಗತ್ತಿಗೆ ತಿಳಿಸಿದವರು ಟ್ಯೂರಿನ್ನಿನ ಆರ್ಚ್‌ಬಿಷಪ್ ಕಾರ್ಡಿನಲ್ ಬಲೆಸ್ಟ್ರೆರೊ ಅವರೇ.

ಕುತೂಹಲದ ಸಂಗತಿಯೆಂದರೆ, ಈ ಕಹಿ ಮಾತನ್ನು ಮೊದಲು ಆಡಿದ್ದೂ ವಿಜ್ಞಾನಿಯಲ್ಲ. ಬಟ್ಟೆ ಮೊದಲು ಕಾಣಿಸಿಕೊಂಡದ್ದು 14ನೇ ಶತಮಾನದಲ್ಲಿ, ಫ್ರಾನ್ಸಿನ ಲಿರೆ ಎಂಬ ಊರಿನಲ್ಲಿ. ಅಲ್ಲಿಗೆ ಸಮೀಪದ ತ್ರುವಾ ಪಟ್ಟಣದ ಬಿಷಪ್ ಪಿಯೆರ್ ದಾರ್ಸಿ 1389ರಲ್ಲೇ ಇದು ಚಿತ್ರಕಾರನ ಕೈಚಳಕವೆಂದು ದೂರು ಬರೆದಿದ್ದರು. ಭಕ್ತರೂ ಕಾಣಿಕೆಯೂ ಹರಿದು ಬರುತ್ತಿದ್ದ ಕಾಲದಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕು.

ಆಕ್ಷೇಪಗಳೂ ಇವೆ. ಕತ್ತರಿಸಿದ ಮೂಲೆ ಮುಂದೆಂದೋ ತೇಪೆ ಹಾಕಿದ ಭಾಗವೆಂದು ಕೆಲವರು, 1532ರ ಬೆಂಕಿಯಿಂದ ಲೆಕ್ಕ ತಪ್ಪಿತೆಂದು ಕೆಲವರು ವಾದಿಸುತ್ತಾರೆ. ಆಕೃತಿ ಮೂಡಿದ ಬಗೆ ಇಂದಿಗೂ ಚರ್ಚೆಯ ವಿಷಯ. ಆದರೆ ಅನುಮಾನಕ್ಕೆ ಪರಿಹಾರ ಇನ್ನೊಂದು ಪರೀಕ್ಷೆಯೇ ಹೊರತು ಪರೀಕ್ಷಿಸಿದವರ ಮೇಲೆ ಸಿಟ್ಟಾಗುವುದಲ್ಲ. 1998ರಲ್ಲಿ ಟ್ಯೂರಿನ್ನಿಗೆ ಬಂದ ಎರಡನೆಯ ಜಾನ್ ಪಾಲ್ ಪೋಪರೂ ಇಂಥ ಪ್ರಶ್ನೆಗಳನ್ನು ವಿಜ್ಞಾನಿಗಳಿಗೇ ಬಿಟ್ಟರು.

ಹಾಗಾದರೆ ವಿಶ್ವಾಸಿಗೆ ನಷ್ಟವಾಯಿತೆ? ಕ್ರೈಸ್ತರ ವಿಶ್ವಾಸ ಸಂಗ್ರಹದಲ್ಲಿ ಈ ಬಟ್ಟೆಯ ಪ್ರಸ್ತಾಪವೇ ಇಲ್ಲ. ಯೇಸು ಪಟ್ಟ ಯಾತನೆಯನ್ನು ನೆನಪಿಸುವ ಚಿತ್ರವಾಗಿ ಅದನ್ನು ನೋಡಲು ಜನ ಈಗಲೂ ಹೋಗುತ್ತಾರೆ. ಗಾಯಗಳನ್ನು ಕಾಣದೆ ನಂಬಲಾರೆ ಎಂದ ತೋಮನನ್ನು ಯೇಸು ಹೊರಗಟ್ಟಲಿಲ್ಲ, ಗಾಯಗಳನ್ನೇ ತೋರಿಸಿದನೆಂದು ಸುವಾರ್ತೆ ಹೇಳುತ್ತದೆ. ಚಿನ್ನವನ್ನು ಒರೆಗೆ ಹಚ್ಚಲು ಹಿಂಜರಿಯುವವನಿಗೆ ಅನುಮಾನವಿರುವುದು ಒರೆಗಲ್ಲಿನ ಮೇಲಲ್ಲ, ತನ್ನ ಚಿನ್ನದ ಮೇಲೆ.