ಪಿಂಗಾಣಿ: ಮೊದಲು ತಳ ನೋಡಿ, ಆಮೇಲೆ ತೊಳೆಯಿರಿ

ಮಾಸ್ತಿ ಕಡೆಯ ಹಳೇ ಮನೆಯೊಂದರ ಅಟ್ಟದಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ, ಹೂಬಳ್ಳಿಯ ಪಿಂಗಾಣಿ ಬೋಗುಣಿಯೊಂದು ಸಿಕ್ಕಿತು ಎನ್ನಿ. ಧೂಳು ಕಂಡೊಡನೆ ಕೈ ಹುಣಸೆಹಣ್ಣಿಗೂ ತೆಂಗಿನ ನಾರಿಗೂ ಹೋಗುತ್ತದೆ. ಸ್ವಲ್ಪ ತಾಳಿ. ಅದನ್ನು ಬೋರಲು ಹಾಕಿ ನೋಡಿ. ಪಾತ್ರೆಯ ಊರು, ಕಾಲ, ಮಣ್ಣಿನ ಗುಣ ತಿಳಿಯುವುದು ತಳದಿಂದಲೇ.

ಮಣ್ಣು ಯಾವುದು?

ಮಾಲೂರಿನ ಹೆಂಚು ಕಂಡವರಿಗೆ ಈ ಪರೀಕ್ಷೆ ಸುಲಭ. ಹೆಂಚು ನೀರು ಹೀರುತ್ತದೆ. ಪಾತ್ರೆ ಊರಿ ಕೂರುವ ಬಳೆಯಂಥ ಅಂಚಿಗೆ ಎಷ್ಟೋ ಸಲ ಗಾಜುಲೇಪ ಇರುವುದಿಲ್ಲ. ಅಲ್ಲಿ ಒಂದು ಹನಿ ನೀರಿಡಿ. ಇಂಗಿದರೆ ಅದು ಕಡಿಮೆ ಕಾವಿನಲ್ಲಿ ಬೆಂದ ಮಣ್ಣು. ಹಾಗೇ ನಿಂತರೆ ಸುಮಾರು 1200 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಕಾವು ಕಂಡದ್ದು. ಉಪ್ಪಿನಕಾಯಿ ಜಾಡಿ ಈ ಗುಂಪಿನದು. ದೀಪಕ್ಕೆ ಹಿಡಿದಾಗ ಹಿಂದಿನ ಬೆರಳಿನ ನೆರಳು ಕಂಡರೆ ಅದು ಅಸಲಿ ಪಿಂಗಾಣಿ, ಇಲ್ಲವೇ ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾ.

ಕಾಲ ಯಾವುದು?

ವಜ್ರಾಕಾರದ ನೋಂದಣಿ ಮುದ್ರೆ ಇದ್ದರೆ ಆ ವಿನ್ಯಾಸ 1842ರಿಂದ 1883ರೊಳಗೆ ಇಂಗ್ಲೆಂಡಿನಲ್ಲಿ ನೋಂದಾಯಿತವಾದದ್ದು. 1891ರಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ತಳದಲ್ಲಿ ‘ಇಂಗ್ಲೆಂಡ್’ ಎಂಬ ಪದ ಹೆಚ್ಚಾಗಿ ಕಾಣತೊಡಗಿದ್ದು ಆಗಿನಿಂದ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ ವರ್ಷವೂ ಅದೇ. ನಮ್ಮ ಕಡೆಯವರು ಮರೆಯುವಂತಿಲ್ಲ. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 20ನೇ ಶತಮಾನದ್ದು. ಜಪಾನಿನ ಪಾತ್ರೆಯಲ್ಲಿ ‘ನಿಪ್ಪಾನ್’ ಎಂದಿದ್ದರೆ ಹೆಚ್ಚಾಗಿ 1921ಕ್ಕಿಂತ ಹಿಂದಿನದು. ಮುದ್ರೆಯನ್ನು ನಕಲು ಮಾಡುವವರೂ ಇದ್ದಾರೆ. ಆದ್ದರಿಂದ ಮಣ್ಣು, ತೂಕ, ತಳದ ಸವೆತ ಎಲ್ಲವನ್ನೂ ಕೂಡಿಸಿ ನೋಡಿ.

ತೊಳೆಯುವ ಬಗೆ

ಬೆರಳಿನಿಂದ ಮೆಲ್ಲಗೆ ತಟ್ಟಿ. ‘ಠಣ್’ ಎಂದರೆ ಗಟ್ಟಿ. ಸದ್ದು ಮಂಕಾದರೆ ಬಿರುಕೋ ಹಳೆಯ ಅಂಟೋ ಇರಬಹುದು. ಅಂಥದ್ದನ್ನು ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಟ್ಟಿ ಪಾತ್ರೆಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆಯಿಂದ ಒಂದೊಂದಾಗಿ ತೊಳೆಯಿರಿ. ಹುಣಸೆ, ನಿಂಬೆ, ಬೂದಿ ಹಿತ್ತಾಳೆಗೆ ಸರಿ. ಇಲ್ಲಿ ಹುಳಿ ಬಣ್ಣವನ್ನು ತಿನ್ನುತ್ತದೆ, ಬೂದಿ ಚಿನ್ನದ ಗೆರೆಯನ್ನು ಸವೆಸುತ್ತದೆ. ಬ್ಲೀಚ್ ಬೇಡವೇ ಬೇಡ: ಲೇಪದ ಸೀಳಿನಲ್ಲಿ ಇಳಿದ ಅದರ ಉಪ್ಪು ಹರಳುಗಟ್ಟಿ ಲೇಪವನ್ನೇ ಎಬ್ಬಿಸುತ್ತದೆ. ಕೋಲಾರ ಸೀಮೆಯ ಕೊಳವೆಬಾವಿ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ; ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ.

ಕೂದಲೆಳೆಯಂಥ ಸೀಳುಗಳಲ್ಲಿ ಕಂದು ಕಲೆ ಇದ್ದರೆ, ಚಿನ್ನದ ಕೆಲಸ ಇಲ್ಲದ ಜಾಗದಲ್ಲಿ ಮಾತ್ರ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿದ ಹತ್ತಿಯನ್ನು ಕೆಲವು ಗಂಟೆ ಇಟ್ಟು ನೋಡಿ. ಹೋಗದಿದ್ದರೆ ಬಿಟ್ಟುಬಿಡಿ. ಉಜ್ಜಿ ತೆಗೆದ ಬಣ್ಣ ಮತ್ತೆ ಬರುವುದಿಲ್ಲ.

ಹಳೆಯ ಲೇಪದಲ್ಲಿ ಸೀಸ ಇರಬಹುದು, ಹುಳಿ ತಗಲಿದರೆ ಅದು ಊಟಕ್ಕೆ ಇಳಿಯುತ್ತದೆ. ಆದ್ದರಿಂದ ಸಾರು, ಮಜ್ಜಿಗೆಹುಳಿ ಅದರಲ್ಲಿ ಬಡಿಸಬೇಡಿ. ಬೋಗುಣಿ ಕಪಾಟಿನಲ್ಲಿರಲಿ, ಮನೆಯ ಮಕ್ಕಳ ಕೈಗೆ ಕೊಟ್ಟು, ತಳ ತಿರುಗಿಸಿ ಓದಲು ಕಲಿಸಿ.