ಕಡತದ ತಲೆಬರಹ: ಜಾನಪದ ಪಠ್ಯಸಂರಕ್ಷಣೆಯಲ್ಲಿ ಪಠ್ಯ ಸಂಪಾದಕದ ಪಾತ್ರ

ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡೊಂದನ್ನು ಬರೆದುಕೊಳ್ಳುವ ಮುನ್ನ ಹಾಡಿದವರ ಹೆಸರು, ಊರು, ದಿನಾಂಕ ಮತ್ತು ಸಂದರ್ಭಗಳನ್ನು ಪುಟದ ತಲೆಯಲ್ಲಿ ದಾಖಲಿಸುವುದು ವಾಡಿಕೆ. ಈ ವಿವರಗಳಿಲ್ಲದ ಪಠ್ಯ ಎಷ್ಟೇ ಸೊಗಸಾಗಿದ್ದರೂ ಸಂಶೋಧನೆಗೆ ಪೂರ್ಣವಾಗಿ ಒದಗುವುದಿಲ್ಲ. ಗಣಕದ ಕಡತಗಳಿಗೂ ಇಂಥದೇ ತಲೆಬರಹ ಅವಶ್ಯಕ. ಅದನ್ನು ಓದಿ ಅದರಂತೆ ನಡೆಯುವ ಹಾಗೆ ಪಠ್ಯ ಸಂಪಾದಕವನ್ನು, ಅಂದರೆ ಅಲಂಕಾರಗಳಿಲ್ಲದ ಬರಿಯ ಅಕ್ಷರಗಳನ್ನು ತಿದ್ದುವ ತಂತ್ರಾಂಶವನ್ನು, ಹೇಗೆ ಅಣಿಗೊಳಿಸಬಹುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಆನಗೋಡಿನಲ್ಲಿ ಈ ಲೇಖಕನು ಹಿಂದೊಮ್ಮೆ ಸೋಬಾನೆ ಪದಗಳನ್ನು ಸಂಗ್ರಹಿಸಿ, ಬೆರಳಚ್ಚು ಮಾಡಿಸಿ ಇಟ್ಟಿದ್ದುಂಟು. ವರ್ಷಗಳ ತರುವಾಯ ಅವುಗಳ ಪದಸೂಚಿಯನ್ನು ಸಿದ್ಧಪಡಿಸಲು ಪೈಥಾನ್ ಭಾಷೆಯಲ್ಲಿ ಪುಟ್ಟ ಕ್ರಮವಿಧಿಯೊಂದನ್ನು ಬರೆದಾಗ, ‘ಐತಿ’ ಎಂಬ ರೂಪದ ಬಳಕೆಯ ಸಂಖ್ಯೆ ಸೊನ್ನೆಯೆಂದು ಬಂದಿತು. ಹೆಂಗಸರ ಹಾಡುಗಳಲ್ಲಿ ಈ ಆಡುರೂಪವಿಲ್ಲವೆಂದು ತೀರ್ಮಾನಿಸುವುದು ಸುಲಭವಾಗಿತ್ತು. ಆದರೆ ಕೈಬರಹದ ಟಿಪ್ಪಣಿ ಪುಸ್ತಕದ ಪುಟಪುಟದಲ್ಲೂ ಆ ರೂಪವಿದ್ದಿತು. ತಪ್ಪು ಹಾಡಿದವರದಲ್ಲ, ಗಣಕದ್ದೂ ಅಲ್ಲ. ಕಡತಗಳು ಯಾವ ಸಂಕೇತಕ್ರಮದಲ್ಲಿವೆ ಎಂಬುದನ್ನು ಬರೆದಿಡದ ಸಂಗ್ರಾಹಕನದು.

ಇದರ ಕಾರಣ ಹೀಗಿದೆ. ಯೂನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಆದರೂ ಅದು ಬಳಕೆಗೆ ಬರಲು ಕಾಲ ಹಿಡಿಯಿತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಆರಂಭದ ಆವೃತ್ತಿಗಳಲ್ಲಿ ಕನ್ನಡಾಕ್ಷರಗಳ ಆಕಾರದ ತುಣುಕುಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಯುಟಿಎಫ್-8 ಕ್ರಮದಲ್ಲಾದರೋ ಪ್ರತಿಯೊಂದು ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕು. ‘ಕ್ಕ’ ಎಂಬ ಒತ್ತಕ್ಷರದಲ್ಲಿ ಕಕಾರ, ಹಲಂತ ಚಿಹ್ನೆ, ಮತ್ತೆ ಕಕಾರ ಎಂದು 3 ಸಂಕೇತಗಳಿರುವುದರಿಂದ ಅದು 9 ಬೈಟುಗಳನ್ನು ಬಳಸುತ್ತದೆ. ಕಣ್ಣಿಗೆ ಒಂದೇ ಆಗಿ ತೋರುವ ಪದವು ಕ್ರಮವಿಧಿಯಲ್ಲಿ ಒಂದು ರೀತಿಯಲ್ಲಿ, ಹಾಡಿನ ಕಡತದಲ್ಲಿ ಮತ್ತೊಂದು ರೀತಿಯಲ್ಲಿ ಇದ್ದರೆ ಎರಡೂ ಎಂದಿಗೂ ಕೂಡುವುದಿಲ್ಲ. ಗಣಕವು ದೋಷವನ್ನೇನೂ ಸೂಚಿಸದೆ ಸೊನ್ನೆಯನ್ನು ನೀಡುತ್ತದೆ.

ಈ ತೊಡಕಿಗೆ ಪರಿಹಾರವು ಕಡತದೊಳಗೇ ಇರಿಸಬಹುದಾದ ಘೋಷಣೆಯಲ್ಲಿದೆ. ಈಮ್ಯಾಕ್ಸ್ ಸಂಪಾದಕವು ಕಡತದ ಮೊದಲ ಸಾಲಿನಲ್ಲಿ ‘-*-’ ಎಂಬ ಎರಡು ಗುರುತುಗಳ ನಡುವೆ ಬರೆದ ವಿವರಗಳನ್ನು ಓದಿ, ಸಂಕೇತಕ್ರಮ, ಭಾಷೆ, ಅಂಚಿನ ಅಳತೆ ಮುಂತಾದವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ವಿವರಗಳು ಹೆಚ್ಚಾಗಿದ್ದಲ್ಲಿ ಕಡತದ ಕೊನೆಯಲ್ಲಿಯೂ ಬರೆಯಬಹುದು. ವಚನದ ಕೊನೆಗೆ ಬರುವ ಅಂಕಿತ ವಚನಕಾರರನ್ನು ಗುರುತಿಸುವಂತೆ ಇದು ಕಡತದ ಸ್ವರೂಪವನ್ನು ಗುರುತಿಸುತ್ತದೆ. ವಿಮ್ ಸಂಪಾದಕದಲ್ಲಿಯೂ ಮೊದಲ ಅಥವಾ ಕೊನೆಯ ಕೆಲವು ಸಾಲುಗಳನ್ನು ಓದುವ ಏರ್ಪಾಡಿದೆ. ಆದರೆ ಕಡತವನ್ನು ತೆರೆದ ಮೇಲೆ ಆ ಸಾಲನ್ನು ಓದುವುದರಿಂದ, ಸಂಕೇತಕ್ರಮವನ್ನು ಅಲ್ಲಿ ಹೇಳಿ ಫಲವಿಲ್ಲ. ಅದನ್ನು ವಿಮ್‌ನ ಸ್ವಂತ ಸಂಯೋಜನಾ ಕಡತದಲ್ಲಿಯೇ ನಿಗದಿಪಡಿಸಬೇಕು. ಕ್ರಮವಿಧಿಯಲ್ಲಿ ಈ ಘೋಷಣೆಯನ್ನು ಟಿಪ್ಪಣಿಯ ರೂಪದಲ್ಲಿ ಬರೆಯುವುದರಿಂದ ಅದರ ಕಾರ್ಯಕ್ಕೆ ಅಡ್ಡಿಯಾಗದು. ಹಾಡುಗಳನ್ನು ತೆರೆಯುವ ಸಾಲಿನಲ್ಲಿಯೂ ಸಂಕೇತಕ್ರಮವನ್ನು ಹೆಸರಿಸುವುದು ಕ್ಷೇಮಕರ.

ಸಂಗ್ರಹವು ಹಲವರ ಕೈಯಲ್ಲಿ ಬೆಳೆಯುವಾಗ ಎಡಿಟರ್‌ಕಾನ್ಫಿಗ್ ಎಂಬ ಪದ್ಧತಿ ಅನುಕೂಲಕರ. ಕೋಶದಲ್ಲಿ ಇರಿಸಿದ ಒಂದೇ ಚಿಕ್ಕ ಕಡತವು ಅದರೊಳಗಿನ ಎಲ್ಲ ಕಡತಗಳಿಗೂ ಸಂಕೇತಕ್ರಮ, ಸಾಲಿನ ಅಂತ್ಯ ಹಾಗೂ ಟ್ಯಾಬ್ ಇಲ್ಲವೆ ಖಾಲಿಸ್ಥಳದ ಬಳಕೆಯನ್ನು ನಿಗದಿಪಡಿಸುತ್ತದೆ. ಅನೇಕ ಸಂಪಾದಕಗಳು ಇದನ್ನು ಗೌರವಿಸುತ್ತವೆ. ಟ್ಯಾಬಿನ ಮಾತು ಕ್ಷುಲ್ಲಕವಲ್ಲ. ಆನಗೋಡಿನ ಸಂಗ್ರಹದಲ್ಲಿ ಸೊಲ್ಲಿನ ಸಾಲನ್ನು ಟ್ಯಾಬಿನಿಂದ ಗುರುತಿಸಲಾಗಿತ್ತು. ಸಂಪಾದಕವು ಅದನ್ನು ಖಾಲಿಸ್ಥಳಗಳಾಗಿ ಬದಲಿಸಿದರೆ ಸೊಲ್ಲು ಯಾವುದು, ನುಡಿ ಯಾವುದೆಂಬ ಭೇದ ಕ್ರಮವಿಧಿಗೆ ತಿಳಿಯದಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಘೋಷಣೆಯು ಪರಿವರ್ತನೆಯಲ್ಲ. ಹಳೆಯ ಕಡತದ ತಲೆಯಲ್ಲಿ ಯುಟಿಎಫ್-8 ಎಂದು ಬರೆದ ಮಾತ್ರಕ್ಕೆ ಅದರ ಬೈಟುಗಳು ಬದಲಾಗುವುದಿಲ್ಲ. ಮೂಲಪ್ರತಿಯನ್ನು ಹಾಗೆಯೇ ಕಾಯ್ದಿರಿಸಿ, ಪ್ರತಿಯೊಂದನ್ನು ಪರಿವರ್ತಕದಿಂದ ಬದಲಿಸಿ, ಟಿಪ್ಪಣಿ ಪುಸ್ತಕದೊಡನೆ ತಾಳೆ ನೋಡಿದ ನಂತರವೇ ಘೋಷಣೆಯನ್ನು ಸೇರಿಸಬೇಕು. ಎರಡನೆಯದಾಗಿ, ಅಪರಿಚಿತ ಕಡತದ ಸೂಚನೆಗಳನ್ನು ಕಣ್ಣುಮುಚ್ಚಿ ಪಾಲಿಸುವಂತೆ ಸಂಪಾದಕವನ್ನು ಬಿಡಬಾರದು. ಇಂಥ ಸಾಲಿನ ಮೂಲಕ ಅನ್ಯರ ಆಜ್ಞೆಗಳನ್ನು ನಡೆಸಬಹುದಾದ ದೋಷವೊಂದು ವಿಮ್‌ನಲ್ಲಿ 2019ರಲ್ಲಿ ಪತ್ತೆಯಾಗಿ, ಸರಿಪಡಿಸಲ್ಪಟ್ಟಿತು. ಅಪಾಯಕಾರಿಯಾಗಬಹುದಾದ ಸೂಚನೆ ಕಂಡಾಗ ಈಮ್ಯಾಕ್ಸ್ ಬಳಕೆದಾರನ ಒಪ್ಪಿಗೆಯನ್ನು ಕೇಳುವುದು ಇದೇ ಕಾರಣಕ್ಕೆ.

ಆನಗೋಡಿನ ಕಡತಗಳನ್ನು ಈ ಕ್ರಮದಲ್ಲಿ ಸರಿಪಡಿಸಿದ ಬಳಿಕ ‘ಐತಿ’ ತನ್ನ ಸ್ಥಾನಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಹಾಡಿದ ಹಿರಿಯರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಟಿಪ್ಪಣಿ ಪುಸ್ತಕವೂ ಇಲ್ಲದೆ ಹೋಗಿದ್ದರೆ ಅವರ ಮಾತಿನ ರೂಪವನ್ನು ಮತ್ತೆ ಕೇಳಿ ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಹಾಡಿದವರ ಹೆಸರನ್ನು ಬರೆಯುವಷ್ಟೇ ನಿಷ್ಠೆಯಿಂದ ಕಡತದ ಸಂಕೇತವನ್ನೂ ಬರೆದಿಡುವುದು ಇಂದಿನ ಜಾನಪದ ಸಂಗ್ರಾಹಕನ ಕರ್ತವ್ಯವೆನ್ನಬೇಕು.