ಯೀಸ್ಟ್ ಮರುಬಳಕೆ (ಬಿಯರ್ ತಯಾರಿಕೆ)

ಯೀಸ್ಟ್ ಮರುಬಳಕೆ ಎಂದರೆ ಬಿಯರ್ ಹುದುಗಿದ ನಂತರ ತೊಟ್ಟಿಯ ತಳದಲ್ಲಿ ಅಥವಾ ನೊರೆಯಲ್ಲಿ ಉಳಿಯುವ ಜೀವಂತ ಯೀಸ್ಟನ್ನು ಸಂಗ್ರಹಿಸಿ, ಮುಂದಿನ ತಯಾರಿಕೆಗೆ ಬಳಸುವ ಕ್ರಮ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವುದರ ತತ್ತ್ವವೂ ಇದೇ. ಆದರೆ ಮೊಸರಿನಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ; ಬಿಯರಿನಲ್ಲಿ ಏಕಕೋಶ ಶಿಲೀಂಧ್ರವಾದ ಯೀಸ್ಟ್. ಹುದುಗುವಾಗ ಯೀಸ್ಟ್ ಮೊಗ್ಗೊಡೆದು ಹಲವು ಪಟ್ಟು ಹೆಚ್ಚುವುದರಿಂದ, ಒಂದು ಸಲ ದೊರೆತದ್ದು ಮುಂದಿನ ಹಲವು ತಯಾರಿಕೆಗಳಿಗೆ ಸಾಕಾಗುತ್ತದೆ.

ಬೆಲ್ಜಿಯನ್ ಶೈಲಿಯಲ್ಲಿ

ಬೆಲ್ಜಿಯನ್ ಶೈಲಿಯ ಬಿಯರುಗಳಲ್ಲಿ ಲವಂಗವನ್ನೂ ಬಾಳೆಹಣ್ಣನ್ನೂ ನೆನಪಿಸುವ ಪರಿಮಳ ಬಹುಮಟ್ಟಿಗೆ ಯೀಸ್ಟಿನ ಕೊಡುಗೆ. ಆದ್ದರಿಂದ ಇಲ್ಲಿ ತಳಿಯನ್ನು ಕಾಪಾಡಿಕೊಳ್ಳುವುದೆಂದರೆ ರುಚಿಯನ್ನೇ ಕಾಪಾಡಿಕೊಳ್ಳುವುದು. ಬೆಲ್ಜಿಯಂನ ವೆಸ್ಟ್‌ಫ್ಲೆಟೆರೆನ್ ಮಠದ ಬಿಯರಿಗೆ ಯೀಸ್ಟ್ ಬರುವುದು ವೆಸ್ಟ್‌ಮಾಲೆ ಮಠದ ಬ್ರೂವರಿಯಿಂದ.

ಬಳಸುವ ಅನುಕ್ರಮವೂ ಮುಖ್ಯ. ಮದ್ಯಸಾರ ಹೆಚ್ಚಿದಷ್ಟೂ ಯೀಸ್ಟ್ ಬಳಲುತ್ತದೆ. ವೆಸ್ಟ್‌ಮಾಲೆಯ ಟ್ರಿಪೆಲ್‌ನಂತಹ ಶೇ. 9.5 ಮದ್ಯಸಾರದ ಬಿಯರಿನಿಂದ ತೆಗೆದ ಯೀಸ್ಟ್ ಮರುಬಳಕೆಗೆ ಅಷ್ಟು ಯೋಗ್ಯವಲ್ಲ. ಹೀಗಾಗಿ ಮೊದಲು ಹಗುರ ಬಿಯರ್, ಕೊನೆಗೆ ಗಡುಸಾದ ಬಿಯರ್ ಎಂಬುದು ರೂಢಿ.

ಸಂಗ್ರಹ ಮತ್ತು ಅಪಾಯ

ಸಂಗ್ರಹಿಸಿದ ಯೀಸ್ಟನ್ನು ಶುಚಿಗೊಳಿಸಿದ ಪಾತ್ರೆಯಲ್ಲಿ, ಹೆಪ್ಪುಗಟ್ಟದಂತೆ ತಂಪಾಗಿರಿಸಿ, ಒಂದೆರಡು ವಾರಗಳೊಳಗೆ ಬಳಸುವುದು ಉತ್ತಮ. ಮೆಥಿಲೀನ್ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೋಶಗಳು ನೀಲಿಯಾಗಿ ಕಾಣುತ್ತವೆ, ಜೀವಂತ ಕೋಶಗಳು ಬಣ್ಣ ಹಿಡಿಯುವುದಿಲ್ಲ. ಆದರೆ ಈ ಪರೀಕ್ಷೆ ಕಲಬೆರಕೆಯನ್ನು ತೋರಿಸದು. ಪ್ರತಿ ಮರುಬಳಕೆಯಲ್ಲೂ ಬ್ಯಾಕ್ಟೀರಿಯಾ ಹಾಗೂ ಕಾಡು ಯೀಸ್ಟ್ ಸೇರುವ ಸಂಭವವಿದೆ. ಸೈಸನ್ ಬಿಯರಿಗೆ ಬಳಸುವ ಕೆಲವು ತಳಿಗಳು ಇತರ ಯೀಸ್ಟ್ ಜೀರ್ಣಿಸಲಾರದ ಡೆಕ್ಸ್‌ಟ್ರಿನ್‌ಗಳನ್ನೂ ಹುದುಗಿಸುತ್ತವೆ. ಇವು ಬೇರೆ ಬಿಯರಿಗೆ ಬೆರೆತರೆ ಸೀಸೆಯೊಳಗೆ ಹುದುಗುವಿಕೆ ಮುಂದುವರಿದು, ಅನಿಲದ ಒತ್ತಡಕ್ಕೆ ಗಾಜು ಒಡೆದು ಗಾಯವಾಗಬಹುದು. ವಾಸನೆ ಕೆಟ್ಟ ಯೀಸ್ಟನ್ನು ಚೆಲ್ಲುವುದೇ ಸರಿ. ತೊಳೆದು ಉಳಿಸುವ ಪ್ರಯತ್ನ ನಂಬಲರ್ಹವಲ್ಲ.

ಕರ್ನಾಟಕದಲ್ಲಿ

ಯೀಸ್ಟಿನ ಹೆಸರು ತಿಳಿಯದ ಕಾಲದಿಂದಲೂ ಅದರ ಪರಿಣಾಮ ಇಲ್ಲಿ ಪರಿಚಿತ. ಈಚಲು, ತೆಂಗಿನ ಮರಗಳಿಂದ ಇಳಿಸುವ ರಸವು ಮಡಕೆಗೆ ಅಂಟಿದ ಹಾಗೂ ಗಾಳಿಯಿಂದ ಬಿದ್ದ ಯೀಸ್ಟಿನಿಂದ ಹುದುಗಿ ಕಳ್ಳಾಗುತ್ತದೆ. ನೀರಾ ಬೇಕಾದವರು ಇದನ್ನು ತಡೆಯಲು ಮಡಕೆಯ ಒಳಗೆ ಸುಣ್ಣ ಬಳಿಯುವ ಪದ್ಧತಿಯಿದೆ. ಕರಾವಳಿಯ ಸಣ್ಣಗಳ ಹಿಟ್ಟು ಉಬ್ಬಿಸಲು ಕಳ್ಳನ್ನೇ ಬಳಸುತ್ತಿದ್ದರು.

ಬೆಲ್ಜಿಯನ್ ಶೈಲಿಯ ಗೋಧಿ ಬಿಯರ್ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಾಮಾನ್ಯ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಮನೆಯಲ್ಲಿ ಸ್ವಂತ ಬಳಕೆಗೆಂದು ಬಿಯರ್ ಮಾಡುವುದು ಹಲವು ದೇಶಗಳಲ್ಲಿ ಹವ್ಯಾಸವಾಗಿದ್ದರೂ, ರಾಜ್ಯದಲ್ಲಿ ಈ ವಿಧಾನ ಪರವಾನಗಿ ಪಡೆದ ಬ್ರೂವರಿಗಳಿಗೆ ಮಾತ್ರ ಅನ್ವಯಿಸುತ್ತದೆ.